ಬೆಂಕಿ ಕದ್ದವನ ಕಥೆ

ದೇವತೆಗಳ ಬೆಂಕಿಯನ್ನು ಕದ್ದು ಮನುಷ್ಯರಿಗೆ ತಂದುಕೊಟ್ಟವನು ಗ್ರೀಕ್ ಪುರಾಣದ ಪ್ರೊಮೀಥಿಯಸ್. ಸೋಂಪಿನ ಕುಟುಂಬಕ್ಕೆ ಸೇರಿದ, ಆಳೆತ್ತರ ಬೆಳೆಯುವ ಗಿಡವೊಂದರ ದಂಟಿನಲ್ಲಿ ಅವನು ಕೆಂಡವನ್ನು ಅಡಗಿಸಿ ತಂದನಂತೆ. ಈ ದಂಟಿನ ಸಿಪ್ಪೆ ಗಟ್ಟಿ. ಒಳಗಿನ ಒಣ ತಿರುಳು ಮಾತ್ರ ಹೊಗೆಯಾಡುತ್ತ ನಿಧಾನವಾಗಿ ಉರಿಯುತ್ತದೆ. ಬೆಂಕಿಪೊಟ್ಟಣ ಇಲ್ಲದ ಕಾಲದಲ್ಲಿ ಮೆಡಿಟರೇನಿಯನ್ ತೀರದ ಜನ ಹೀಗೆಯೇ ಬೆಂಕಿ ಒಯ್ಯುತ್ತಿದ್ದರು. ಬಳಕೆಯ ವಸ್ತುವನ್ನೇ ಹಿಡಿದು ಕಟ್ಟಿದ ಕಥೆಯಿದು.

ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್‌ನಿಗೆ ಇವನ ಮೇಲೆ ಮೆಚ್ಚುಗೆಯಿಲ್ಲ. ಬಲಿಯ ಪಾಲು ಹಂಚುವಾಗ ಬರಿಯ ಮೂಳೆಗೆ ಕೊಬ್ಬು ಹೊದಿಸಿ ಜ್ಯೂಸ್ ದೇವನ ಮುಂದಿಟ್ಟ ತಂತ್ರಗಾರ ಪ್ರೊಮೀಥಿಯಸ್. ಸಿಟ್ಟಾದ ಜ್ಯೂಸ್ ಬೆಂಕಿಯನ್ನು ಬಚ್ಚಿಟ್ಟ. ಅದೂ ಕಳುವಾದಾಗ ಪಂಡೋರಾ ಎಂಬ ಹೆಣ್ಣನ್ನು ಮನುಷ್ಯರ ಬಳಿಗೆ ಕಳಿಸಿದ. ಅವಳು ತೆರೆದ ಗುಡಾಣದಿಂದ ರೋಗರುಜಿನಗಳು ಲೋಕಕ್ಕೆ ಹರಡಿದವು. ಮನುಷ್ಯನ ಬಾಳು ದುಡಿಮೆಯ ಬಾಳಾದದ್ದು ಈ ಕಳ್ಳತನದಿಂದ ಎಂಬುದು, ಸ್ವತಃ ಹೊಲ ಉತ್ತು ಬಲ್ಲ ಆ ಕವಿಯ ತೀರ್ಮಾನ.

ಈಸ್ಕಿಲಸ್‌ನ ಹೆಸರಿನಲ್ಲಿ ಉಳಿದುಬಂದ ‘ಬಂಧಿತ ಪ್ರೊಮೀಥಿಯಸ್’ ನಾಟಕ ಈ ನೋಟವನ್ನೇ ತಿರುಗಿಸಿತು. ಅಲ್ಲಿ ಅವನು ಅಕ್ಷರ, ಲೆಕ್ಕ, ಔಷಧ, ಹಡಗು ಎಲ್ಲವನ್ನೂ ಕಲಿಸಿದ ಉಪಕಾರಿ. ಬಂಡೆಗೆ ಬಿಗಿದರೂ ಜ್ಯೂಸ್‌ನಿಗೆ ಬಾಗದವನು. ಯುರೋಪಿನ ರಮ್ಯ ಕವಿಗಳಿಗೆ ಬೇಕಾದದ್ದು ಈ ಬಾಗದ ತಲೆ. ಗಯಟೆ ಮತ್ತು ಬೈರನ್ ಅವನ ಮೇಲೆ ಕವಿತೆ ಬರೆದರು. ಪುರಾಣದಲ್ಲಿ ಕೊನೆಗೆ ಅವರಿಬ್ಬರ ನಡುವೆ ಆಗುವ ರಾಜಿಯನ್ನೂ ಒಪ್ಪದ ಶೆಲ್ಲಿ 1820ರಲ್ಲಿ ಪ್ರಕಟವಾದ ತನ್ನ ಗೀತನಾಟಕದಲ್ಲಿ ಜ್ಯೂಸ್‌ನನ್ನು ಸಿಂಹಾಸನದಿಂದಲೇ ಉರುಳಿಸಿದ.

ಆದರೆ ಇವರೆಲ್ಲರಿಗಿಂತ ಆಳಕ್ಕೆ ಇಳಿದವಳು ಶೆಲ್ಲಿಯ ಹೆಂಡತಿ ಮೇರಿ. 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಹೊರಬಂದಾಗ ಅವಳಿಗೆ ಇಪ್ಪತ್ತು ವರ್ಷ. ಅದರ ಉಪಶೀರ್ಷಿಕೆ ‘ಆಧುನಿಕ ಪ್ರೊಮೀಥಿಯಸ್’. ಪ್ರೊಮೀಥಿಯಸ್ ಮಣ್ಣಿನಿಂದ ಮನುಷ್ಯನನ್ನು ಮಾಡಿದನೆಂಬ ಇನ್ನೊಂದು ಎಳೆ ಪುರಾಣದಲ್ಲಿದೆ. ರೋಮಿನ ಓವಿಡ್ ಅದನ್ನು ಹೇಳಿದ್ದಾನೆ. ಮೇರಿ ಬೆಂಕಿಯ ಕಥೆಯ ಜೊತೆಗೆ ಈ ಎಳೆಯನ್ನೂ ಹಿಡಿದಳು. ಫ್ರಾಂಕೆನ್‌ಸ್ಟೈನ್ ಎಂಬುದು ಕಾದಂಬರಿಯ ರಾಕ್ಷಸನ ಹೆಸರೆಂದು ಅನೇಕರು ತಿಳಿದಿದ್ದಾರೆ. ಅದು ಅವನನ್ನು ಸೃಷ್ಟಿಸಿದ ವಿಜ್ಞಾನಿಯ ಹೆಸರು. ಸೃಷ್ಟಿಯಾದ ಜೀವಿಗೆ ಹೆಸರೇ ಇಲ್ಲ. ಅದರ ಹಳದಿ ಕಣ್ಣು ತೆರೆದ ಗಳಿಗೆಯಲ್ಲೇ ವಿಜ್ಞಾನಿ ಹೇಸಿ ಕೋಣೆಯಿಂದ ಓಡುತ್ತಾನೆ. ಗ್ರೀಕರ ಪ್ರೊಮೀಥಿಯಸ್ ಮನುಷ್ಯರ ಸಲುವಾಗಿ ಆ ಬಂಡೆಯ ಮೇಲೆ ನಿತ್ಯ ಹದ್ದಿಗೆ ತನ್ನ ಪಿತ್ತಜನಕಾಂಗ ಒಡ್ಡಿದ. ಹೊಸ ಪ್ರೊಮೀಥಿಯಸ್ ತಾನು ಮಾಡಿದ್ದಕ್ಕೆ ಹೊಣೆಯಾಗಲಿಲ್ಲ. ಇಷ್ಟು ದೊಡ್ಡ ಆಪಾದನೆಯನ್ನು ಬರಿಯ ಭೂತದ ಕಥೆಯೆಂದು ಓದುವುದು ಅನ್ಯಾಯ.

ಇಪ್ಪತ್ತನೆಯ ಶತಮಾನದಲ್ಲಿ ಆ ಬೆಂಕಿ ಪರಮಾಣುವಿನದಾಯಿತು. ಅಣುಬಾಂಬಿನ ಯೋಜನೆಯ ಮುಂದಾಳು ಆಪನ್‌ಹೈಮರ್‌ನ ಕುರಿತು 2005ರಲ್ಲಿ ಬಂದ ಜೀವನಚರಿತ್ರೆಯ ಹೆಸರು ‘ಅಮೆರಿಕನ್ ಪ್ರೊಮೀಥಿಯಸ್’. ಅದಕ್ಕೂ ಮೊದಲು, ಬಾಂಬು ಬಿದ್ದ 1945ರಲ್ಲೇ, ಅಮೆರಿಕದ ಓಕ್ ರಿಡ್ಜ್‌ನಲ್ಲಿ ಯುರೇನಿಯಂ ಒಡೆದಾಗ ಉಳಿದ ಪದಾರ್ಥದಲ್ಲಿ 61ನೆಯ ಮೂಲಧಾತು ಪತ್ತೆಯಾಯಿತು. ಅದಕ್ಕೆ ಪ್ರೊಮೀಥಿಯಮ್ ಎಂಬ ಹೆಸರು ಸೂಚಿಸಿದವಳು ಶೋಧಕರಲ್ಲಿ ಒಬ್ಬನಾದ ಕೋರಿಯೆಲ್‌ನ ಹೆಂಡತಿ ಗ್ರೇಸ್ ಮೇರಿ.