ವಿಳಾಸ ಬರೆದ ಚೀಟಿ

ಮಕ್ಕಳೇ, ಚಿಕ್ಕಜಾಲದಲ್ಲಿ ಮದುವೆ ಇದೆ ಅನ್ನಿ. ಯಶವಂತಪುರದಲ್ಲಿ ಹೋಳಿಗೆ ಬೇಯಿಸಿ ವ್ಯಾನಿನಲ್ಲಿ ಕಳಿಸಿದರೆ ಹೆಬ್ಬಾಳದ ಟ್ರಾಫಿಕ್‌ನಲ್ಲೇ ಆರಿಹೋಗುತ್ತದೆ. ಅದಕ್ಕೇ ಅಡುಗೆ ಭಟ್ಟರು ಛತ್ರಕ್ಕೇ ಬಂದು, ಹಿತ್ತಲಲ್ಲಿ ಒಲೆ ಹೂಡಿ, ಎಲೆ ಹಾಕುವ ಹೊತ್ತಿಗೆ ಬಿಸಿಬಿಸಿಯಾಗಿ ಬೇಯಿಸುತ್ತಾರೆ.

ನಮ್ಮ ಜೀವಕೋಶದಲ್ಲೂ ಹೀಗೇ. ಕೋಶಕೇಂದ್ರದಲ್ಲಿ ಡಿಎನ್‌ಎ ಎಂಬ ದಪ್ಪ ಅಡುಗೆ ಪುಸ್ತಕವಿದೆ. ಅದು ಆಚೆ ಬರುವುದಿಲ್ಲ. ಬೇಕಾದ ಪುಟದ ನಕಲು ಮಾತ್ರ ಚೀಟಿಯಾಗಿ ಹೊರಡುತ್ತದೆ. ಆ ಚೀಟಿಯೇ ಆರ್‌ಎನ್‌ಎ. ಅದನ್ನು ಓದಿ ಪ್ರೋಟೀನ್ ತಯಾರಿಸುವ ಭಟ್ಟರು ರೈಬೋಸೋಮ್‌ಗಳು. ಎಷ್ಟೋ ಚೀಟಿಗಳ ಬಾಲದಲ್ಲಿ ವಿಳಾಸವೂ ಬರೆದಿರುತ್ತದೆ!

ವಿಳಾಸ ತಪ್ಪಿದರೆ? ಕೊಳೆತ ಬಾಳೆಹಣ್ಣನ್ನು ಮುತ್ತುವ ಹಣ್ಣುನೊಣವನ್ನು ನೋಡಿದ್ದೀರಲ್ಲ, ಅದರ ಮೊಟ್ಟೆ ಸುಮಾರು ಅರ್ಧ ಮಿಲಿಮೀಟರ್ ಉದ್ದ. ಅದರ ಮುಂದಿನ ತುದಿಯಲ್ಲಿ 'ಬೈಕಾಯ್ಡ್' ಎಂಬ ಚೀಟಿ ಕೂತಿರುತ್ತದೆ. ತಲೆ ಮೂಡುವುದು ಆ ತುದಿಯಲ್ಲೇ. ತಾಯಿನೊಣ ಆ ಚೀಟಿ ಇಡದಿದ್ದರೆ ಮರಿಹುಳಕ್ಕೆ ತಲೆಯೇ ಇರುವುದಿಲ್ಲ.

ನರಕೋಶದ ಪಾಡು ಇನ್ನೂ ದೊಡ್ಡದು. ದೊಡ್ಡವರ ಬೆನ್ನುಹುರಿಯಿಂದ ಕಾಲಿನ ತುದಿಯವರೆಗೆ ಚಾಚುವ ಒಂದೇ ಒಂದು ಕೋಶ ಹೆಚ್ಚುಕಡಿಮೆ ಒಂದು ಮೀಟರ್ ಉದ್ದವಿರುತ್ತದೆ. ಮಿದುಳಿನ ನರಕೋಶಗಳಿಗಂತೂ ಮರದ ಹಾಗೆ ಕೊಂಬೆ, ರೆಂಬೆ. ಚೀಟಿಗಳು ಆ ರೆಂಬೆಗಳ ತನಕ ಹೋಗಿ ಕಾಯುತ್ತಾ ಕೂರುತ್ತವೆ.

ಈ ಕಾಯುವಿಕೆಯನ್ನೇ ಅಧ್ಯಯನ ಮಾಡಿದವರು ವಿಜ್ಞಾನಿ ರವಿ ಮುದ್ದಶೆಟ್ಟಿ. ಜರ್ಮನಿ, ಅಮೆರಿಕಗಳಲ್ಲಿ ದುಡಿದು ಬೆಂಗಳೂರಿಗೆ ಬಂದರು. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿದ್ದರು. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರಕ್ಕೆ ಹೋದರು. 2011ರಲ್ಲಿ ಅವರೂ ಸಂಗಡಿಗರೂ ತೋರಿಸಿದ್ದು ಇದು: ನರಕೋಶಗಳು ಕೈ ಕೂಡಿಸುವ ಜಾಗದಲ್ಲಿ ಎಫ್‌ಎಂಆರ್‌ಪಿ ಎಂಬ ಪ್ರೋಟೀನ್ ಒಂದು ಚೀಟಿಯನ್ನು 'ಈಗಲೇ ಬೇಡ' ಎಂದು ಹಿಡಿದಿಟ್ಟಿರುತ್ತದೆ. ಪಕ್ಕದ ಕೋಶದಿಂದ ಸಂದೇಶ ಬಂದೊಡನೆ ಹಿಡಿತ ಸಡಿಲವಾಗುತ್ತದೆ. ಅಲ್ಲೇ, ಆಗಲೇ ಅಡುಗೆ ಶುರು. ಎಲೆ ಹಾಕಿದ ಮೇಲೆ ಕಾವಲಿಗೆ ಹೋಳಿಗೆ ಬಿದ್ದಂತೆ! ನನಗೆ ಇದರಷ್ಟು ಸೊಗಸಾದ ಏರ್ಪಾಡು ಬೇರೊಂದು ಕಂಡಿಲ್ಲ. ನಾವು ಕಲಿತದ್ದು ನೆನಪಿನಲ್ಲಿ ಉಳಿಯಲು ಇಂಥ ಅಡುಗೆ ಬೇಕೇ ಬೇಕು.

ಹುಟ್ಟಿನಿಂದಲೇ ಎಫ್‌ಎಂಆರ್‌ಪಿ ಇಲ್ಲದ ಮಕ್ಕಳಿದ್ದಾರೆ. ಅವರಿಗಿರುವ ತೊಂದರೆಗೆ ಫ್ರೆಜೈಲ್ ಎಕ್ಸ್ ಎಂದು ಹೆಸರು. ಮಾತು, ಕಲಿಕೆ ಅವರಿಗೆ ನಿಧಾನ. ನಿಮ್ಮ ತರಗತಿಯಲ್ಲಿ ನಿಧಾನವಾಗಿ ಕಲಿಯುವ ಗೆಳೆಯರಿದ್ದರೆ ಅವರನ್ನು ಆಡಿಕೊಳ್ಳಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಫ್ರೆಜೈಲ್ ಎಕ್ಸನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಸಿಕ್ಕಿಲ್ಲ. ಹುಡುಕಲು ನೀವೂ ಬನ್ನಿ.