ಕರೆಂಟ್ ಹೋಯ್ತು, ಕೋಡ್ ಹೋಗಿಲ್ಲ

ಇವತ್ತಿನ ಮಾತು ಸಣ್ಣದು, ಆದರೆ ಒಂದಲ್ಲ ಒಂದು ದಿನ ಕೆಲಸಕ್ಕೆ ಬರೋದು. ಕಂಪ್ಯೂಟರ್ ಕ್ರ್ಯಾಶ್ ಆಗಿ ಮತ್ತೆ ಆನ್ ಆದಮೇಲೆ ಗಿಟ್ ಸ್ಟೇಟಸ್ ಹೊಡೀತೀರಿ. 'ಆಬ್ಜೆಕ್ಟ್ ಫೈಲ್ ಈಸ್ ಎಂಪ್ಟಿ' ಅಂತ ಬರುತ್ತೆ. ಬಹಳ ಜನ ಗಾಬರಿಯಲ್ಲಿ ಫೋಲ್ಡರನ್ನೇ ಅಳಿಸಿ ಹೊಸದಾಗಿ ಕ್ಲೋನ್ ಮಾಡ್ತಾರೆ. ಪುಶ್ ಮಾಡದೆ ಉಳಿದ ಕೆಲಸ ನಿಜವಾಗಿ ಹೋಗೋದು ಆ ಗಳಿಗೆಯಲ್ಲೇ.

ಮೊದಲು, ಹೀಗೇಕೆ ಆಗುತ್ತೆ? ನೀವು ಬರೆದ ಫೈಲನ್ನು ಆಪರೇಟಿಂಗ್ ಸಿಸ್ಟಮ್ ಆ ಕ್ಷಣವೇ ಡಿಸ್ಕಿಗೆ ಇಳಿಸಲ್ಲ, ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೆ. ಅಷ್ಟರಲ್ಲಿ ಕರೆಂಟ್ ಹೋದರೆ ಫೈಲಿನ ಹೆಸರು ಮಾತ್ರ ಉಳಿಯುತ್ತೆ, ಒಳಗೆ ಸೊನ್ನೆ ಬೈಟ್. ಅಂದರೆ ಕೆಡೋದು ಸಾಮಾನ್ಯವಾಗಿ ಕೊನೆಯ ಕ್ಷಣಗಳಲ್ಲಿ ಬರೆದದ್ದು. ನಿನ್ನೆ, ಮೊನ್ನೆಯ ಕಮಿಟ್‌ಗಳು ಆಗಲೇ ಡಿಸ್ಕಿನಲ್ಲಿ ಕೂತಿರುತ್ತವೆ.

ಹೋದ ಮಳೆಗಾಲದಲ್ಲಿ ಪುಣೆಯ ಪಿಜಿಯಿಂದ ನಮ್ಮ ಟೀಮಿನ ಹುಡುಗ ರಾತ್ರಿ ಫೋನ್ ಮಾಡಿದ. ಹುಬ್ಬಳ್ಳಿ ಕಡೆಯವ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. "ಅಣ್ಣಾ, ಕಮಿಟ್ ಹೊಡ್ದೆ, ಲೈಟ್ ಹೋತು. ನಾಕು ದಿನದ ಕೆಲಸ ಐತಿ, ಬ್ರಾಂಚ್ ಪುಶ್ ಆಗಿಲ್ಲ. ಸೋಮವಾರ ರಿಲೀಸು." ನಾನು ಹೇಳಿದ್ದು ಒಂದೇ: "ಏನೂ ಅಳಿಸಬೇಡ. ಲಿನಕ್ಸ್ ಅಲ್ವಾ? ಇಡೀ ಫೋಲ್ಡರನ್ನು ಇದ್ದ ಹಾಗೇ ಪೆನ್‌ಡ್ರೈವಿಗೆ ಕಾಪಿ ಮಾಡು." ಮುಂದಿನ ಕೆಲಸ ಏನೇ ಕೆಟ್ಟರೂ ಆ ಕಾಪಿ ಇರುತ್ತಲ್ಲ.

ಆಮೇಲೆ ಫೋನಿನಲ್ಲೇ ಒಂದೊಂದಾಗಿ ಮಾಡಿಸಿದೆ. ಡಾಟ್ ಗಿಟ್ ಫೋಲ್ಡರಿನ ಆಬ್ಜೆಕ್ಟ್ಸ್ ಒಳಗೆ ಖಾಲಿ ಫೈಲ್ ಹುಡುಕಿ ತೆಗೆಸಿದೆ. ಅವುಗಳಲ್ಲಿ ಹೇಗೂ ಏನೂ ಇಲ್ಲ. ಬ್ರಾಂಚಿನ ಫೈಲ್ ಆ ಕೆಟ್ಟ ಕಮಿಟನ್ನೇ ತೋರಿಸುತ್ತಿತ್ತು. ಡಾಟ್ ಗಿಟ್ ಒಳಗಿನ ಲಾಗ್ಸ್ ಫೋಲ್ಡರಿನಲ್ಲಿ ಹೆಡ್ ಅನ್ನೋ ಫೈಲ್ ಇದೆ, ಅದೇ ರೆಫ್‌ಲಾಗ್. ಹೆಡ್ ಯಾವಾಗ ಯಾವ ಕಮಿಟ್‌ನಲ್ಲಿತ್ತು ಅನ್ನೋ ಲೆಕ್ಕ ಅಲ್ಲಿ ಸಾಲುಸಾಲಾಗಿ ಇರುತ್ತೆ. ಕೊನೆಯ ಸಾಲಿನ ಕಮಿಟ್ ಹೋಗಿತ್ತು, ಅದರ ಹಿಂದಿನದು ಗಟ್ಟಿಯಾಗಿತ್ತು. ಅದರ 40 ಅಕ್ಷರದ ಹ್ಯಾಶನ್ನು ಬ್ರಾಂಚಿನ ಫೈಲಿಗೆ ಹಾಕಿಸಿದೆ. ಇಂಡೆಕ್ಸ್ ಫೈಲ್ ಅಳಿಸಿ, ಬರೀ ಗಿಟ್ ರೀಸೆಟ್ ಕೊಡಿಸಿದೆ. ಹಾರ್ಡ್ ಅಂತ ಕೊಡಬಾರದು, ಕೊಟ್ಟರೆ ಬರೆದಿಟ್ಟ ಕೋಡ್ ಮೇಲೆ ಹಳೇದು ಬಂದು ಕೂರುತ್ತೆ.

ಆಮೇಲೆ ಗಿಟ್ ಎಫ್‌ಎಸ್‌ಸಿಕೆ. 'ಡ್ಯಾಂಗ್ಲಿಂಗ್' ಅಂತ ಬಂದರೆ ಚಿಂತೆ ಬೇಡ. 'ಮಿಸ್ಸಿಂಗ್' ಅಥವಾ 'ಕರಪ್ಟ್' ಬಂದರೆ ಮಾತ್ರ ಕೆಲಸ ಬಾಕಿ. ಅಂಥ ಆಬ್ಜೆಕ್ಟ್ ಸಹೋದ್ಯೋಗಿಯ ಕ್ಲೋನಿನಲ್ಲಿದ್ದರೆ ಅಲ್ಲಿಂದ ತಂದು ಹಾಕಬಹುದು. ಯಾಕಂದ್ರೆ ಗಿಟ್‌ನಲ್ಲಿ ಆಬ್ಜೆಕ್ಟಿನ ಹೆಸರು ಹುಟ್ಟೋದೇ ಒಳಗಿನ ವಿಷಯದಿಂದ: ವಿಷಯ ಅದೇ ಆದರೆ ಹೆಸರೂ ಅದೇ, ಯಾರ ಮಷೀನ್ ಆದರೂ ಸರಿ.

ಅವನಿಗೆ ಎಫ್‌ಎಸ್‌ಸಿಕೆಯಲ್ಲಿ 'ಮಿಸ್ಸಿಂಗ್', 'ಕರಪ್ಟ್' ಯಾವುದೂ ಬರಲಿಲ್ಲ. ಕೊನೆಯ ಕಮಿಟ್‌ಗೆ ಸೇರಿದ್ದ ಕೋಡ್ ಫೋಲ್ಡರಿನಲ್ಲೇ ಇತ್ತು, ಒಂದು ಫೈಲ್ ಮಾತ್ರ ಖಾಲಿ. ಅವನದ್ದು ವಿಎಸ್ ಕೋಡ್. 2022ರಿಂದ ಅದರಲ್ಲಿ ಲೋಕಲ್ ಹಿಸ್ಟರಿ ಇದೆ. ಟೈಮ್‌ಲೈನ್ ತೆರೆದರೆ ಹಿಂದೆ ಸೇವ್ ಮಾಡಿದ ಪ್ರತಿಗಳು ಸಿಗುತ್ತವೆ. ಅಲ್ಲಿ ಸಿಕ್ಕ ಪ್ರತಿಯಲ್ಲಿ ಹತ್ತು ಸಾಲು ಕಮ್ಮಿ ಇತ್ತು, ಅದನ್ನು ಕೂತು ಬರೆದ. ರಾತ್ರಿ ಒಂದೂವರೆಗೆ ಬ್ರಾಂಚ್ ಸರ್ವರ್ ಸೇರಿತು.

ನೀವು ಇವತ್ತೇ ಮಾಡಬಹುದಾದ್ದು ಎರಡು. ಗಿಟ್ 2.36 ಅಥವಾ ಹೊಸದಿದ್ದರೆ 'ಕೋರ್ ಡಾಟ್ ಎಫ್‌ಸಿಂಕ್' ಸೆಟ್ಟಿಂಗನ್ನು 'ಆಲ್' ಮಾಡಿ. ಬರೆದದ್ದು ಡಿಸ್ಕಿಗೆ ಇಳಿದ ಮೇಲೇ ಗಿಟ್ ಮುಂದೆ ಹೋಗುತ್ತೆ. ಸ್ವಲ್ಪ ನಿಧಾನ ಆಗಬಹುದು, ಪರವಾಗಿಲ್ಲ. ಎರಡನೇದು, ಕೋಡ್ ಅರ್ಧ ಆಗಿದ್ದರೂ ಸಂಜೆ ಏಳೋ ಮುಂಚೆ ನಿಮ್ಮ ಸ್ವಂತ ಬ್ರಾಂಚಿಗೆ ಪುಶ್ ಮಾಡಿ. ಅರ್ಧಂಬರ್ಧ ಕೋಡ್ ನೋಡಿ ಯಾರಾದರೂ ನಕ್ಕರೆ ನಗಲಿ ಬಿಡಿ.