ಕೈಯಲ್ಲಿರುವ ಸಸಿ

(ಕಲ್ಲೋಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಫಜ್ರ್ ನಮಾಝ್ ಮುಗಿಸಿ ಮನೆ ಮುಟ್ಟುವ ಮುನ್ನವೇ ನಮ್ಮ ಕೈ ಮೊಬೈಲಿಗೆ ಹೋಗುತ್ತದೆ. ಒಂದು ಕಡೆ ಕಾಡಿಗೆ ಬೆಂಕಿ, ಇನ್ನೊಂದು ಕಡೆ ಗುಡ್ಡ ಕುಸಿತ. ಅವೆಲ್ಲ ಸುಳ್ಳು ಎಂದು ನಾವು ಹೇಳುತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದ ಮನೆಗಳಿಗೆ ನುಗ್ಗಿದ್ದನ್ನು ಕಂಡವರು ನಾವು. ಆದರೆ ದಿನವೂ ಇಂಥದ್ದನ್ನೇ ನೋಡಿ ನಮ್ಮ ಹುಡುಗರು ‘ಇನ್ನು ಏನು ಮಾಡಿದರೂ ಅಷ್ಟೇ’ ಎನ್ನತೊಡಗಿದ್ದಾರೆ. ಬೋರ್‌ವೆಲ್ ಬತ್ತಿದ್ದಕ್ಕಿಂತ ಈ ಮಾತು ನಮ್ಮನ್ನು ಹೆಚ್ಚು ಹೆದರಿಸುತ್ತದೆ. ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶೆ ತಾಳುವುದು ಸತ್ಯವಿಶ್ವಾಸಿಯ ಲಕ್ಷಣವಲ್ಲ.

ರಾತ್ರಿ ಹೊತ್ತಿದ ಬೆಂಕಿ ಬೆಳಿಗ್ಗೆಗೆ ಸುದ್ದಿಯಾಗುತ್ತದೆ. ಮರ ಬೆಳೆದದ್ದು ಯಾವ ದಿನದ ಸುದ್ದಿ?

ಕಾಸರಗೋಡು ಜಿಲ್ಲೆಯ ಪರಪ್ಪದ ಬಳಿ ಅಬ್ದುಲ್ ಕರೀಮ್ ಎಂಬವರು 1977ರಲ್ಲಿ ಐದು ಎಕರೆ ಬೋಳು ಕಲ್ಲುನೆಲ ಕೊಂಡರು. ಅಲ್ಲಿ ನೀರಿರಲಿಲ್ಲ. ದೂರದಿಂದ ಮೋಟಾರ್ ಸೈಕಲ್ಲಿನ ಮೇಲೆ ಕ್ಯಾನುಗಳಲ್ಲಿ ನೀರು ತಂದು ಸಸಿಗಳಿಗೆ ಹಾಕಿದರು. ನೆಟ್ಟದ್ದು ಒಣಗಿತು. ಮತ್ತೆ ನೆಟ್ಟರು, ಅದೂ ಒಣಗಿತು. ಕೆಲವು ವರ್ಷ ಕಳೆದ ಮೇಲೆಯೇ ಬೇರು ಹಿಡಿದದ್ದು. ಆಮೇಲೆ ಹಕ್ಕಿಗಳು ಬೀಜ ತಂದವು, ಬಾವಿಯಲ್ಲಿ ನೀರು ಏರಿತು, ಐದು ಎಕರೆ ಹೋಗಿ 32 ಎಕರೆಯ ಕಾಡಾಯಿತು. ಮೊದಲ ವರ್ಷಗಳಲ್ಲಿ ಯಾರಾದರೂ ಅವರ ಸುದ್ದಿ ಬರೆದಿದ್ದರೆ ‘ದುಡ್ಡು ಹಾಳು’ ಎಂದೇ ಬರೆಯುತ್ತಿದ್ದರು!

ದೊಡ್ಡ ಮಟ್ಟದಲ್ಲೂ ಹೀಗೆಯೇ. ಓಝೋನ್ ಪದರವನ್ನು ಹರಿಯುತ್ತಿದ್ದ ಅನಿಲಗಳನ್ನು ಕೈಬಿಡಲು 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಇದೇ ದಾರಿಯಲ್ಲಿ ನಡೆದರೆ ಧ್ರುವಗಳನ್ನು ಬಿಟ್ಟು ಉಳಿದೆಡೆ ಅದು ಸುಮಾರು 2040ಕ್ಕೆ 1980ರ ಸ್ಥಿತಿಗೆ ಮರಳುತ್ತದೆ ಎಂದು ವಿಶ್ವಸಂಸ್ಥೆಯ ತಜ್ಞರು 2023ರಲ್ಲಿ ತಿಳಿಸಿದರು. ಇದರಿಂದ ಎಲ್ಲವೂ ಸರಿಹೋಯಿತೆಂದಲ್ಲ, ತಾಪ ಏರುತ್ತಲೇ ಇದೆ. ಆದರೆ ಮನುಷ್ಯ ತನ್ನ ತಪ್ಪು ತಿದ್ದಿಕೊಂಡದ್ದೂ ಉಂಟು.

ನಮ್ಮ ಹತ್ತಿರದ ಧೂಪದಾಳ ಒಡ್ಡಿನ ಹಿನ್ನೀರನ್ನು 1974ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಚಳಿಗಾಲಕ್ಕೆ ಅಲ್ಲಿಗೆ ದೂರ ದೇಶದ ಹಕ್ಕಿಗಳು ಬರುತ್ತವೆ. ನಮ್ಮ ಮಕ್ಕಳಿಗೆ ಅಮೆಜಾನ್ ಕಾಡಿನ ಬೆಂಕಿ ಗೊತ್ತು, ಧೂಪದಾಳದ ಹಕ್ಕಿ ಗೊತ್ತಿಲ್ಲ. ಕರೆದುಕೊಂಡು ಹೋಗಿ ತೋರಿಸದಿದ್ದದ್ದು ನಮ್ಮದೇ ತಪ್ಪು.

ಅಂತ್ಯದಿನ ಬಂದೇಬಿಟ್ಟರೂ ಕೈಯಲ್ಲಿ ಸಸಿಯಿದ್ದು ನೆಡಲು ಸಾಧ್ಯವಾದರೆ ನೆಟ್ಟುಬಿಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅದರ ನೆರಳಿನಲ್ಲಿ ಕೂರುವವರು ಯಾರು ಎಂಬ ಪ್ರಶ್ನೆಯೇ ಅಲ್ಲಿಲ್ಲ. ನೆಟ್ಟ ಗಿಡದಿಂದ ಹಕ್ಕಿಯೊಂದು ತಿಂದರೂ ಅದು ಸದಕಾ ಎಂದೂ ಅವರು ತಿಳಿಸಿದ್ದಾರೆ.

ಮಳೆ ಶುರುವಾದ ಮೇಲೆ ಖಬರಸ್ತಾನದ ಬೇಲಿಗುಂಟ ಬೇವು, ಹೊಂಗೆ ನೆಡೋಣ. ನೆಡಲು ಬಹಳ ಜನ ಬರುತ್ತಾರೆ, ಫೋಟೋ ಕೂಡ ತೆಗೆಸಿಕೊಳ್ಳುತ್ತಾರೆ. ನಮಗೆ ಬೇಕಿರುವುದು ಮುಂದಿನ ಬೇಸಿಗೆಯಲ್ಲಿ ನೀರು ಹಾಕುವವರು. ನಮಾಝ್ ಬಳಿಕ ವುಝೂ ಮಾಡುವ ಹೌಜಿನ ಹತ್ತಿರ ನಿಂತಿರುತ್ತೇವೆ. ಯಾರು ಯಾವ ವಾರ ಎಂದು ಹೆಸರು ಬರೆಸಿ ಹೋಗಿ.